ಉತಾರ ಹಿಡಿದು ರೋಮಿಗೆ

ಎರಿ ಹೊಲದ ರೈತ ಕುಟುಂಬವೊಂದು ಇಟಲಿ ನೋಡಿ ಬರೋಣವೆಂದು ಹೊರಟರೆ ಕಡಿಮೆ ಬೀಳುವುದು ರೊಕ್ಕವಲ್ಲ, ಕಾಗದ. ನಗುವವರು ನಗಲಿ. ಮಗ ಬೆಂಗಳೂರಿನ ಕಂಪನಿಯಲ್ಲಿ, ಮಗಳು ಪುಣೆಯಲ್ಲಿ, ಅಪ್ಪ–ಅವ್ವ ರೋಣದಲ್ಲೋ ನರಗುಂದದಲ್ಲೋ ಹೊಲ ನೋಡಿಕೊಂಡು ಇರುವ ಮನೆಗಳು ನಮ್ಮಲ್ಲಿ ಈಗ ಅಪರೂಪವಲ್ಲ. ಹಬ್ಬಕ್ಕೆ ಬಂದ ಮಕ್ಕಳು "ಅಪ್ಪಾ, ಬರೂ ಬ್ಯಾಸಗಿಗೆ ಯುರೋಪಿಗೆ ಹೋಗೂಣು" ಅನ್ನುತ್ತಾರೆ. "ಅಲ್ಲೇನೈತ್ಯೋ ತಮ್ಮಾ, ಕಾಶಿ ಆತು, ಶ್ರೀಶೈಲ ಆತು, ಸಾಕು" ಎಂದು ಅಪ್ಪ ತಳ್ಳಿಹಾಕುತ್ತಾನೆ. ಅವ್ವ ಮಾತ್ರ "ನೋಡೇ ಬಿಡೂಣ ನಡೀರಿ" ಅನ್ನುತ್ತಾಳೆ. ಕಾಗದದ ಕತೆ ಅಲ್ಲಿಂದ ಶುರು.

ಕಾಗದದ ಬೆಲೆ ಏನೆಂಬುದನ್ನು ಈ ಸೀಮೆಗೆ ಹೊಸದಾಗಿ ಯಾರೂ ಕಲಿಸಬೇಕಿಲ್ಲ. ನರಗುಂದದ ಸಂಸ್ಥಾನಿಕ ಬಾಬಾಸಾಹೇಬ ಭಾವೆಗೆ ದತ್ತಕ ತೆಗೆದುಕೊಳ್ಳಲು ಇಂಗ್ಲಿಷರು ಒಪ್ಪಿಗೆ ಕೊಡಲಿಲ್ಲ. 1858ರ ಬಂಡಾಯದ ಹಿಂದೆ ಆ ಸಿಟ್ಟೂ ಇತ್ತು. 1980ರ ಜುಲೈ 21ರಂದು ಅದೇ ನರಗುಂದದ ರೈತರು ಬೀದಿಗಿಳಿದದ್ದು ಮಲಪ್ರಭಾ ಕಾಲುವೆಯ ಹೆಸರಿನಲ್ಲಿ ಹೇರಿದ ಅಭಿವೃದ್ಧಿ ಕರದ ವಿರುದ್ಧ. ಗಜೇಂದ್ರಗಡದ ಹೆಸರು ಇತಿಹಾಸದ ಪುಸ್ತಕಗಳಲ್ಲಿ ಉಳಿದದ್ದು 1787ರಲ್ಲಿ ಮರಾಠರೂ ಟಿಪ್ಪುವೂ ಮಾಡಿಕೊಂಡ ಒಪ್ಪಂದದಿಂದ. ಕಾಗದವಿಲ್ಲದೆ ಹೊರಟು ಗೆದ್ದವರೆಂದರೆ ರೋಣದಲ್ಲಿ ಹುಟ್ಟಿದ ಭೀಮಸೇನ ಜೋಶಿ. ಹನ್ನೊಂದರ ಆ ಹುಡುಗ 1933ರಲ್ಲಿ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು, ಟಿಕೆಟ್ಟಿಲ್ಲದೆ ರೈಲು ಹತ್ತಿ, ಹಾಡುತ್ತ ಗ್ವಾಲಿಯರ್ ಮುಟ್ಟಿದ. ಆ ಕಾಲದ ರೈಲು ಅದನ್ನು ಸಹಿಸಿತು. ಷೆಂಗೆನ್ ಸಹಿಸುವುದಿಲ್ಲ.

ಷೆಂಗೆನ್ ಎಂದರೆ ಒಳಗಿನ ಗಡಿ ತಪಾಸಣೆ ತೆಗೆದುಹಾಕಿದ ಯುರೋಪಿನ 29 ದೇಶಗಳ ಒಕ್ಕೂಟ. ಇಟಲಿ, ಫ್ರಾನ್ಸ್, ಸ್ವಿಟ್ಜರ್ಲೆಂಡ್, ಜರ್ಮನಿ ಎಲ್ಲವೂ ಅದರೊಳಗಿವೆ. ಒಂದು ವೀಸಾ ಸಾಕು. ಲಂಡನ್ ಅದರಲ್ಲಿ ಇಲ್ಲ. ಥೇಮ್ಸ್ ದಂಡೆಯಲ್ಲಿ 2015ರ ನವೆಂಬರ್‌ನಲ್ಲಿ ಅನಾವರಣಗೊಂಡ ಬಸವಣ್ಣನವರ ಪುತ್ಥಳಿಗೆ ಕೈಮುಗಿದು ಬರಬೇಕೆಂಬ ಆಸೆ ನಮ್ಮ ಹಿರಿಯರಲ್ಲಿ ಹಲವರಿಗಿದೆ. ಅದಕ್ಕೆ ಬ್ರಿಟನ್ನಿನ ವೀಸಾ ಬೇರೆ, ಶುಲ್ಕ ಬೇರೆ, ಅರ್ಜಿ ಬೇರೆ. ಎರಡನ್ನೂ ಒಂದೇ ಪ್ರವಾಸಕ್ಕೆ ಗಂಟು ಹಾಕಿದರೆ ಕಾಗದದ ಕೆಲಸ ಇಮ್ಮಡಿಯಾಗುತ್ತದೆ. ಮೊದಲ ಸಲಕ್ಕೆ ಒಂದು ದೇಶ ಹಿಡಿಯಿರಿ. ಈ ವಾರದ ಅಂಕಣಕ್ಕೆ ಇಟಲಿಯನ್ನೇ ಹಿಡಿದಿದ್ದೇನೆ.

ಬಿತ್ತಿಗೆ ನೋಡಿ ದಿನ ಗೊತ್ತುಮಾಡಿ

ಪ್ರವಾಸದ ಪುಸ್ತಕಗಳು ಏಪ್ರಿಲ್, ಮೇ ಒಳ್ಳೆಯ ಕಾಲವೆನ್ನುತ್ತವೆ. ನಮ್ಮ ಹೊಲವೂ ಅದನ್ನೇ ಹೇಳುತ್ತದೆ. ಮುಂಗಾರಿಯ ಹೆಸರು ಆಗಸ್ಟಿನಲ್ಲಿ ಮನೆಗೆ ಬರುತ್ತದೆ. ಅಕ್ಟೋಬರ್ ಹೊತ್ತಿಗೆ ಕಡಲೆ, ಬಿಳಿಜೋಳದ ಬಿತ್ತಿಗೆ. ಫೆಬ್ರವರಿ ದಾಟುವಷ್ಟರಲ್ಲಿ ಹಿಂಗಾರಿ ರಾಶಿ ಮುಗಿದಿರುತ್ತದೆ. ಯುಗಾದಿಯಿಂದ ಮುಂಗಾರು ಮಳೆ ಬೀಳುವತನಕ ಎರಿ ಭೂಮಿ ಬಾಯಿಬಿಟ್ಟು ಬಿದ್ದಿರುತ್ತದೆ. ರೈತನಿಗೂ ಅಷ್ಟೇ ಬಿಡುವು. ಆ ಹೊತ್ತಿಗೆ ಇಟಲಿಯಲ್ಲಿ ವಸಂತ. ಜುಲೈ–ಆಗಸ್ಟಿನ ಬಿಸಿಲೂ ಇಲ್ಲ, ಆ ತಿಂಗಳುಗಳ ನೂಕುನುಗ್ಗಲೂ ಇಲ್ಲ. ಆಗಸ್ಟ್ 15ರ ಸುಮಾರಿಗೆ ಇಟಲಿಯವರೇ ಅಂಗಡಿ ಮುಚ್ಚಿ ಸಮುದ್ರದ ಕಡೆ ಹೋಗುತ್ತಾರೆ. ನಮ್ಮಲ್ಲಿ ಮಕ್ಕಳಿಗೆ ರಜೆ ಇರುವುದೂ ಏಪ್ರಿಲ್–ಮೇ ತಿಂಗಳಲ್ಲೇ. ಅಡ್ಡ ಬರುವುದು ಮದುವೆಗಳ ಸುಗ್ಗಿಯೊಂದೇ. ಅದನ್ನು ಬೀಗರೊಂದಿಗೆ ಮಾತಾಡಿ ಬಗೆಹರಿಸಿಕೊಳ್ಳಿ.

ವೀಸಾ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದ ಹಾಕಬಹುದು. ಹದಿನೈದು ದಿನಕ್ಕಿಂತ ತಡ ಮಾಡುವಂತಿಲ್ಲ. ಸಾಮಾನ್ಯವಾಗಿ ತೀರ್ಮಾನಕ್ಕೆ 15 ದಿನ. ಸಂಶಯ ಬಂದರೆ 45 ದಿನದವರೆಗೂ ಎಳೆಯಬಹುದು. ಆದ್ದರಿಂದ ಹಿಂಗಾರಿ ಬಿತ್ತಿಗೆ ಮುಗಿದ ಮೇಲೆ ಕಾಗದಕ್ಕೆ ಕೈಹಾಕಿ, ಜನವರಿಯಲ್ಲಿ ಅರ್ಜಿ ಕೊಟ್ಟು, ರಾಶಿಯಾದ ಮೇಲೆ ವಿಮಾನ ಹತ್ತುವುದು ನಮಗೆ ಹೊಂದುವ ಲೆಕ್ಕ. ಪಾಸ್‌ಪೋರ್ಟ್ ಇಲ್ಲದವರು ಇನ್ನೂ ಮೊದಲೇ ಏಳಬೇಕು. ಮೂವತ್ತಾರು ಪುಟದ ಸಾಮಾನ್ಯ ಪಾಸ್‌ಪೋರ್ಟಿಗೆ 1500 ರೂಪಾಯಿ. ಹುಬ್ಬಳ್ಳಿಯಲ್ಲಿ ಸೇವಾ ಕೇಂದ್ರವಿದೆ. ಹಳೆಯ ಪಾಸ್‌ಪೋರ್ಟ್ ಇದ್ದವರು ತೆಗೆದು ನೋಡಿ: ಕೊಟ್ಟು ಹತ್ತು ವರ್ಷ ಮೀರಿರಬಾರದು, ಯುರೋಪಿನಿಂದ ಹೊರಬೀಳುವ ದಿನದಾಚೆಗೆ ಮೂರು ತಿಂಗಳು ಜೀವ ಇರಬೇಕು, ಎರಡು ಪುಟ ಖಾಲಿ ಇರಬೇಕು.

ಒಂದೇ ಮನೆ, ಎರಡು ಆದಾಯ

ಈಗ ನಿಜವಾದ ತೊಡಕು. 2024ರಲ್ಲಿ ಭಾರತದಿಂದ 11 ಲಕ್ಷಕ್ಕೂ ಹೆಚ್ಚು ಷೆಂಗೆನ್ ಅರ್ಜಿಗಳು ಹೋದವು, 1.65 ಲಕ್ಷದಷ್ಟು ತಿರಸ್ಕೃತವಾದವು. ದೊಡ್ಡವರಿಗೆ ಒಬ್ಬರಿಗೆ 90 ಯೂರೊ ಶುಲ್ಕ. 2024ರ ಜೂನ್‌ಗೆ ಮೊದಲು 80 ಇತ್ತು. ಆರರಿಂದ ಹನ್ನೊಂದು ವರ್ಷದ ಮಕ್ಕಳಿಗೆ ಅರ್ಧ, ಅದಕ್ಕಿಂತ ಚಿಕ್ಕವರಿಗೆ ಇಲ್ಲ. ಒಂದು ಯೂರೊಗೆ ನೂರು ರೂಪಾಯಿ ಎಂದು ಹಿಡಿದರೂ ಗಂಡ ಹೆಂಡತಿಗೆ ಹದಿನೆಂಟು ಸಾವಿರ, ಮೇಲೆ ಅರ್ಜಿ ಕೇಂದ್ರದ ಸೇವಾಶುಲ್ಕ. ವೀಸಾ ಸಿಗದಿದ್ದರೆ ಈ ರೊಕ್ಕ ವಾಪಸ್ ಬರುವುದಿಲ್ಲ.

ವೀಸಾ ಅಧಿಕಾರಿ ಕೇಳುವುದು ಮೂರೇ ಪ್ರಶ್ನೆ: ಯಾಕೆ ಬರುತ್ತೀರಿ, ಯಾರ ದುಡ್ಡಲ್ಲಿ ಬರುತ್ತೀರಿ, ತಿರುಗಿ ಹೋಗುತ್ತೀರಿ ಎಂಬುದಕ್ಕೆ ಏನು ಖಾತರಿ? ಮೂರನೆಯದಕ್ಕೆ ರೈತನ ಬಳಿ ಇರುವಷ್ಟು ಗಟ್ಟಿ ಉತ್ತರ ಐಟಿ ಕಂಪನಿಯವನ ಬಳಿಯೂ ಇಲ್ಲ. ಇಪ್ಪತ್ತು ಎಕರೆ ಎರಿ ಹೊಲ ಬಿಟ್ಟು ರೋಮಿನಲ್ಲಿ ಪಾತ್ರೆ ತೊಳೆಯಲು ಯಾರು ಕೂರುತ್ತಾರೆ? ಆದರೆ ಆ ಹೊಲ ಅವನದೆಂದು ಕಾಗದ ಹೇಳಬೇಕಲ್ಲ. ಉತಾರ, ಅಂದರೆ ಪಹಣಿ, ತೆಗೆಸಿದರೆ ಅದರಲ್ಲಿ ಇನ್ನೂ ತೀರಿಹೋದ ಅಜ್ಜನ ಹೆಸರೇ. ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಹಂಚಿಕೊಂಡು ಉಣ್ಣುತ್ತಿದ್ದಾರೆ, ವಾರಸಾ ಆಗಿಲ್ಲ. ಹೊಲ ಉಳುವವನು ಒಬ್ಬ, ಉತಾರದಲ್ಲಿರುವವನು ಇನ್ನೊಬ್ಬ. ಸರಿಯಾಗಿ ಹೆಸರು ಕೂತಿದ್ದರೂ ಉತಾರ ಇರುವುದು ಕನ್ನಡದಲ್ಲಿ. ಇಂಗ್ಲಿಷಿಗೆ ಮಾಡಿಸಿ ನೋಟರಿ ಸಹಿ ಹಾಕಿಸಬೇಕು.

ಹೆಸರಿನ ಗೋಜಲು ಇನ್ನೂ ಬೇರೆ. ಮಾರ್ಕ್ಸ್ ಕಾರ್ಡಿನಲ್ಲಿ ಬಸವರಾಜ, ಆಧಾರಿನಲ್ಲಿ ಬಸಪ್ಪ, ಉತಾರದಲ್ಲಿ ಬಸಲಿಂಗಪ್ಪ. ಅಡ್ಡಹೆಸರು ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ, ಮೂರನೆಯದರಲ್ಲಿ ಇಲ್ಲವೇ ಇಲ್ಲ. ಅವ್ವನಿಗೆ ತವರಿನಲ್ಲಿ ಇಟ್ಟ ಹೆಸರು ಬೇರೆ, ಗಂಡನ ಮನೆಯಲ್ಲಿ ಕರೆದದ್ದು ಬೇರೆ. ಹುಟ್ಟಿದ ದಿನಾಂಕ ಕೇಳಿದರೆ ನಮ್ಮ ಹಿರಿಯರಲ್ಲಿ ಬಹಳಷ್ಟು ಜನ ಜೂನ್ 1ರಂದೇ ಹುಟ್ಟಿದವರು. ಶಾಲೆಗೆ ಹೆಸರು ಹಚ್ಚಿದ ದಿನ ಮಾಸ್ತರರು ಕೊಟ್ಟ ಜನ್ಮದಿನ ಅದು. ಊರಿನಲ್ಲಿ ಇದರಿಂದ ಯಾರಿಗೂ ತೊಂದರೆಯಿಲ್ಲ, ಎಲ್ಲರೂ ಎಲ್ಲರನ್ನೂ ಬಲ್ಲರು. ವೀಸಾ ಅಧಿಕಾರಿ ಮಾತ್ರ ಯಾರನ್ನೂ ಬಲ್ಲವನಲ್ಲ; ಅವನ ಮುಂದೆ ಬಸವರಾಜ, ಬಸಪ್ಪ, ಬಸಲಿಂಗಪ್ಪ ಮೂವರು ಬೇರೆ ಬೇರೆ ಗಂಡಸರು.

ಇದಕ್ಕಿಂತ ಇಕ್ಕಟ್ಟಿನದು ಆದಾಯ. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ, ಹಾಗಾಗಿ ರೈತ ರಿಟರ್ನ್ಸ್ ಸಲ್ಲಿಸುವುದಿಲ್ಲ. ರಾಯಭಾರ ಕಚೇರಿಗಳ ಪಟ್ಟಿಯಲ್ಲಿ ರಿಟರ್ನ್ಸ್ ಇದ್ದೇ ಇರುತ್ತದೆ. ಅದರ ಬದಲು ಏನಿದೆ ಎಂದು ಹುಡುಕಿದರೆ ನಾಡಕಚೇರಿಯಲ್ಲಿ ಮಾಡಿಸಿದ ಆದಾಯ ಪ್ರಮಾಣಪತ್ರ ಕೈಗೆ ಬರುತ್ತದೆ. ಮಕ್ಕಳ ವಿದ್ಯಾರ್ಥಿವೇತನಕ್ಕೋ ಹಾಸ್ಟೆಲಿಗೋ ಮಾಡಿಸಿದ್ದು. ಅದರಲ್ಲಿ ವರ್ಷದ ಆದಾಯ ಕೆಲವೇ ಸಾವಿರ! ಇಟಲಿಗೆ ಹೋಗುವವನ ಖಾತೆಯಲ್ಲಿ ಹತ್ತು ಲಕ್ಷ, ಸರ್ಕಾರದ ಮುದ್ರೆ ಬಿದ್ದ ಹಾಳೆಯಲ್ಲಿ ಬಡತನ. ಎರಡನ್ನೂ ಒಂದೇ ಫೈಲಿನಲ್ಲಿ ಇಟ್ಟರೆ ಯಾವ ದೇಶದ ಅಧಿಕಾರಿಯೂ ನಂಬುವುದಿಲ್ಲ, ನಂಬಲೂ ಬಾರದು. ರಿಯಾಯಿತಿಗೊಂದು ಆದಾಯ, ಬೀಗರಿಗೊಂದು ಆದಾಯ ಹೇಳಿ ರೂಢಿಯಾದ ನಮಗೆ ಒಂದೇ ಅಂಕಿ ಎಲ್ಲರ ಮುಂದೆ ಹೇಳಬೇಕಾದ ಪ್ರಸಂಗ ಬಂದದ್ದು ಬಹುಶಃ ಇದೇ ಮೊದಲು.

ದಾರಿ ಇದೆ. ತೆರಿಗೆ ಬೀಳದಿದ್ದರೂ ರಿಟರ್ನ್ಸ್ ಸಲ್ಲಿಸಬಹುದು. ಕೃಷಿ ಆದಾಯ ಐದು ಸಾವಿರ ಮೀರಿದರೆ ಐಟಿಆರ್–2 ನಮೂನೆಯಲ್ಲಿ ವಿನಾಯಿತಿ ಆದಾಯವೆಂದು ತೋರಿಸಬೇಕು. ಲೆಕ್ಕಪರಿಶೋಧಕರಿಗೆ ಹೇಳಿದರೆ ಮಾಡಿಕೊಡುತ್ತಾರೆ. ಇದರಿಂದ ಇನ್ನೊಂದು ಅನುಕೂಲ: ವಿದೇಶ ಪ್ರವಾಸದ ಪ್ಯಾಕೇಜ್ ಕೊಳ್ಳುವಾಗ ಮೂಲದಲ್ಲೇ ಹಿಡಿಯುವ ತೆರಿಗೆಯ (ಟಿಸಿಎಸ್) ಮೊತ್ತವನ್ನು ರಿಟರ್ನ್ಸ್‌ನಲ್ಲಿ ತೋರಿಸಿ ಮರಳಿ ಪಡೆಯಬಹುದು. ಎರಡನೆಯದು, ಗದಗ ಮಾರುಕಟ್ಟೆಯ ಅಡತಿ ಅಂಗಡಿ ಪಟ್ಟಿಗಳು. ಹೆಸರೋ ಕಡಲೆಯೋ ಮಾರಿದಾಗ ರೊಕ್ಕ ಒಂದೇ ಗಂಟಿನಲ್ಲಿ ಖಾತೆಗೆ ಬೀಳುತ್ತದೆ. ತಿಂಗಳ ಸಂಬಳ ನೋಡಿ ರೂಢಿಯಾದ ಕಣ್ಣಿಗೆ ಅದು "ವೀಸಾಕ್ಕಾಗಿ ಯಾರಿಂದಲೋ ತಂದು ತುಂಬಿದ ಹಣ"ದಂತೆ ಕಾಣುತ್ತದೆ. ಪಕ್ಕದಲ್ಲಿ ಆ ದಿನದ ಪಟ್ಟಿ ಇಟ್ಟರೆ ಸಂಶಯ ಕಳೆಯಿತು. ಪಟ್ಟಿಯನ್ನು ಮಡಚಿ ಅಂಗಿಯ ಕಿಸೆಯಲ್ಲಿಟ್ಟು ಅಂಗಿಯೊಡನೆ ಒಗೆದುಬಿಡುವ ನಮ್ಮ ರೂಢಿ ಬಿಡಬೇಕು. ಮೂರನೆಯದು, ಒಂದು ಪುಟದ ಪತ್ರ: ನಮಗೆ ಇಂತಿಷ್ಟು ಹೊಲ, ಇಂಥ ಬೆಳೆ, ವರ್ಷಕ್ಕೆ ಎರಡು ಸಲ ರೊಕ್ಕ ಬರುತ್ತದೆ, ಮೇ ಕೊನೆಗೆ ಬಿತ್ತಿಗೆಗೆ ಮರಳಲೇಬೇಕು ಎಂದು ಸರಳ ಇಂಗ್ಲಿಷಿನಲ್ಲಿ. ನಮ್ಮ ಬೆಳೆಯ ಕಾಲಪಟ್ಟಿಯೇ ನಾವು ತಿರುಗಿ ಬರುತ್ತೇವೆಂಬುದಕ್ಕೆ ಸಾಕ್ಷಿ.

ಕಡೆಗೆ ಬೆರಳಚ್ಚು. ಹನ್ನೆರಡು ತುಂಬಿದ ಎಲ್ಲರೂ ಖುದ್ದು ಹೋಗಿ ಹತ್ತೂ ಬೆರಳು ಒತ್ತಬೇಕು. ನಮಗೆ ಅದು ಬೆಂಗಳೂರು. ಗಜೇಂದ್ರಗಡದಿಂದ ರಾತ್ರಿ ಬಸ್ಸು ಹಿಡಿದು ಹೋಗಿ, ಹತ್ತು ನಿಮಿಷ ಬೆರಳು ಒತ್ತಿ, ಮತ್ತೆ ರಾತ್ರಿ ಬಸ್ಸು. ಒಮ್ಮೆ ಕೊಟ್ಟ ಅಚ್ಚು 59 ತಿಂಗಳು ನಡೆಯುತ್ತದೆ ಎಂಬುದೊಂದು ಸಮಾಧಾನ. ಕುಡುಗೋಲು, ಕುರ್ಚಿಗಿ ಹಿಡಿದು ಸವೆದ ಬೆರಳನ್ನು ಯಂತ್ರ ಬೇಗ ಗುರುತಿಸುವುದಿಲ್ಲ; ನ್ಯಾಯಬೆಲೆ ಅಂಗಡಿಯಲ್ಲಿ ಇದನ್ನು ಕಂಡವರೇ ನಾವೆಲ್ಲ. ಹೋಗುವ ಮುಂಚಿನ ಕೆಲವು ದಿನ ಹಿರಿಯರ ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚಿರಿ, ಒತ್ತುವ ಮುಂದೆ ಚೆನ್ನಾಗಿ ಒರೆಸಿರಿ. ಯಾರೋ ಏಜೆಂಟರು "ಬ್ಯಾಂಕ್ ಸ್ಟೇಟ್‌ಮೆಂಟ್ ನಾವ ತಯಾರ ಮಾಡಿಕೊಡ್ತೇವ್ರಿ" ಅಂದರೆ ಅಲ್ಲಿಂದಲೇ ಎದ್ದು ಬನ್ನಿ. ಸುಳ್ಳು ಕಾಗದ ಸಿಕ್ಕಿಬಿದ್ದರೆ ಹೋಗುವುದು ಈ ವರ್ಷದ ವೀಸಾ ಒಂದೇ ಅಲ್ಲ. ಆ ದಾಖಲೆ ಮುಂದಿನ ಅರ್ಜಿಯನ್ನೂ ಹಿಂಬಾಲಿಸುತ್ತದೆ. ಅರ್ಜಿ ತಿರಸ್ಕರಿಸಿದರೆ ಅಧಿಕಾರಿಗಳು ಕಾರಣ ಬರೆದು ಕೊಡಬೇಕು, ಅದರ ಮೇಲೆ ಮೇಲ್ಮನವಿಗೂ ಅವಕಾಶವಿದೆ. ಎರಡು ವೀಸಾಗಳನ್ನು ಮೂರು ವರ್ಷದೊಳಗೆ ನೇರ್ಪಾಗಿ ಬಳಸಿದ ಭಾರತೀಯರಿಗೆ ಎರಡು ವರ್ಷದ ವೀಸಾ ಕೊಡುವ ನಿಯಮ 2024ರ ಏಪ್ರಿಲ್‌ನಿಂದ ಬಂದಿದೆ. ಮೊದಲ ಫೈಲು ಪ್ರಾಮಾಣಿಕವಾಗಿದ್ದರೆ ಎರಡನೆಯದು ಹಗುರ.

ಹತ್ತು ದಿನಕ್ಕೆ ಏಳು ದೇಶ ಬೇಡ

ಪ್ಯಾಕೇಜ್ ಮಾರುವವರ ಬಾಯಲ್ಲಿ ಯಾವಾಗಲೂ ಒಂದೇ ಮಂತ್ರ: ಹತ್ತು ದಿನ, ಏಳು ದೇಶ. ಲೆಕ್ಕಕ್ಕೆ ಲಾಭವೆನಿಸುತ್ತದೆ. ನಿಜದಲ್ಲಿ ಬೆಳಗ್ಗೆ ಆರಕ್ಕೆ ಎಬ್ಬಿಸಿ ಬಸ್ಸಿನಲ್ಲಿ ತುಂಬಿ, ಐಫೆಲ್ ಗೋಪುರದ ಮುಂದೆ ಫೋಟೊ, ಮತ್ತೆ ಬಸ್ಸು. ಮದುವೆಗಳ ಸುಗ್ಗಿಯಲ್ಲಿ ಒಂದೇ ದಿನ ಐದು ಕಡೆ ಅಕ್ಕಿಕಾಳು ಹಾಕಿ ಒಂದರಲ್ಲೂ ಊಟಕ್ಕೆ ಕೂರದವನ ಪಾಡು ಅದು. ಇಟಲಿ ಒಂದನ್ನೇ ಒಂಬತ್ತು ರಾತ್ರಿ ನೋಡಿದರೆ ಮನಸ್ಸಿನಲ್ಲಿ ಉಳಿಯುತ್ತದೆ: ರೋಮಿನಲ್ಲಿ ನಾಲ್ಕು, ಫ್ಲಾರೆನ್ಸಿನಲ್ಲಿ ಮೂರು, ವೆನಿಸಿನಲ್ಲಿ ಎರಡು. ರೋಮಿನಿಂದ ಫ್ಲಾರೆನ್ಸಿಗೆ ವೇಗದ ರೈಲಿನಲ್ಲಿ ಒಂದೂವರೆ ತಾಸು. ಅಲ್ಲಿಂದ ವೆನಿಸಿಗೆ ಎರಡು ತಾಸಿನ ಮೇಲೆ ಚೂರು. ಟಿಕೆಟ್ ಮೊದಲೇ ತೆಗೆದರೆ ಅಗ್ಗ. ಊರೂರು ನಿಲ್ಲುವ ಪ್ರಾದೇಶಿಕ ರೈಲಿಗೆ ಕಾಗದದ ಟಿಕೆಟ್ ಕೊಂಡರೆ ಹತ್ತುವ ಮುಂಚೆ ನಿಲ್ದಾಣದ ಯಂತ್ರದಲ್ಲಿ ಮುದ್ರೆ ಒತ್ತಿಸಲೇಬೇಕು, ಇಲ್ಲದಿದ್ದರೆ ಟಿಕೆಟ್ ಇದ್ದೂ ದಂಡ.

ನಮ್ಮ ಮಂದಿಗೆ ರೋಮಿನ ಕಲ್ಲು ಹೊಸದಲ್ಲ. ಬಾದಾಮಿ, ಪಟ್ಟದಕಲ್ಲು ನೋಡುತ್ತ ಬೆಳೆದವರು. ಅಲ್ಲಿ ಹೋದಾಗ ಇಲ್ಲಿಯ ಕಾಲದ ಪಕ್ಕ ಅಲ್ಲಿಯ ಕಾಲವನ್ನು ಇಟ್ಟು ನೋಡಿ, ಮಜಾ ಬರುತ್ತದೆ. ಕೊಲೊಸಿಯಂ ಬಾಗಿಲು ತೆರೆದದ್ದು ಕ್ರಿ.ಶ. 80ರಲ್ಲಿ, ಬಾದಾಮಿಯ ಮೂರನೆಯ ಗುಹೆಯ ಶಾಸನ 578ರದು, ಐದು ಶತಮಾನ ಈಚೆಗೆ. ಚಾಲುಕ್ಯರ ಅಕ್ಕಾದೇವಿ ಸೂಡಿಯಿಂದ ಆಳುತ್ತಿದ್ದಾಗ ಪೀಸಾದ ವಾಲುಗೋಪುರ ಇನ್ನೂ ಹುಟ್ಟಿರಲಿಲ್ಲ. ಅದರ ಕೆಲಸ ಶುರುವಾದದ್ದು 1173ರಲ್ಲಿ, ಕಲ್ಯಾಣದ ಶರಣರು ಚದುರಿಹೋದ ಕೆಲವೇ ವರ್ಷಗಳ ಮೇಲೆ. ಫ್ಲಾರೆನ್ಸಿನ ಮಹಾಗುಮ್ಮಟ ಪೂರ್ತಿಯಾದ 1436ರಲ್ಲಿ ವಿಜಯನಗರದಲ್ಲಿ ಇಮ್ಮಡಿ ದೇವರಾಯನ ಆಳ್ವಿಕೆ. ಇಷ್ಟು ತಿಳಿದು ಹೋದ ಅಜ್ಜ ಮೊಮ್ಮಕ್ಕಳಿಗೆ ಗೈಡಿಗಿಂತ ಚೆನ್ನಾಗಿ ಹೇಳಬಲ್ಲ.

ಮುಂಗಡ ಕಾಯ್ದಿರಿಸದೆ ಹೋಗಬೇಡಿ. ಕೊಲೊಸಿಯಂ ಟಿಕೆಟ್ 18 ಯೂರೊ, ಅದರ ಮೇಲೆ ನಿಮ್ಮ ಹೆಸರು ಅಚ್ಚಾಗಿರುತ್ತದೆ, ಬಾಗಿಲಲ್ಲಿ ಗುರುತಿನ ಚೀಟಿ ಕೇಳುತ್ತಾರೆ. ಪ್ಯಾಂಥಿಯನ್ನಿಗೆ 2023ರ ಜುಲೈನಿಂದ 5 ಯೂರೊ. ವ್ಯಾಟಿಕನ್ ವಸ್ತುಸಂಗ್ರಹಾಲಯಕ್ಕೆ ಭಾನುವಾರ ರಜೆ, ತಿಂಗಳ ಕೊನೆಯ ಭಾನುವಾರ ಮಾತ್ರ ಬೆಳಗ್ಗೆ ಬಿಟ್ಟಿ. ಫ್ಲಾರೆನ್ಸಿನ ಉಫಿಜಿ ಚಿತ್ರಶಾಲೆಗೆ ಸೋಮವಾರ ರಜೆ. ವೆನಿಸಿಗೆ ಬೆಳಗ್ಗೆ ಬಂದು ಸಂಜೆ ಹೋಗುವವರಿಂದ ಗೊತ್ತಾದ ದಿನಗಳಲ್ಲಿ 5 ಯೂರೊ ಪ್ರವೇಶಶುಲ್ಕ ವಸೂಲಿ 2024ರ ಏಪ್ರಿಲ್‌ನಿಂದ ಶುರುವಾಗಿದೆ, ತಡವಾಗಿ ಕಟ್ಟಿದರೆ ಜಾಸ್ತಿ. ರಾತ್ರಿ ಅಲ್ಲೇ ತಂಗುವವರಿಗೆ ವಿನಾಯಿತಿ, ಆದರೆ ಅದನ್ನೂ ಮೊದಲೇ ನಮೂದಿಸಬೇಕು. ಮೊಣಕಾಲು ನೋವಿನವರಿಗೆ ಒಂದು ಮಾತು: ವೆನಿಸಿನಲ್ಲಿ ನಾನೂರಕ್ಕೂ ಹೆಚ್ಚು ಸೇತುವೆ, ಬಹುತೇಕ ಎಲ್ಲಕ್ಕೂ ಮೆಟ್ಟಿಲು, ಬ್ಯಾಗು ಹಗುರವಿರಲಿ. ಚರ್ಚುಗಳಲ್ಲಿ ಹೆಗಲು, ಮೊಣಕಾಲು ಮುಚ್ಚಿರಬೇಕೆಂಬ ಕಟ್ಟಳೆ. ತೊಂದರೆ ಚಡ್ಡಿ ಹಾಕಿದ ಮೊಮ್ಮಗನಿಗೆ. ಪಟ್ಟೇದ ಅಂಚಿನ ಗಜೇಂದ್ರಗಡದ ಸೀರೆ ಉಟ್ಟ ಅವ್ವನನ್ನು ಯಾರೂ ತಡೆಯುವುದಿಲ್ಲ.

ಊಟದ ಚಿಂತೆ ನಮ್ಮವರಿಗೆ ವೀಸಾದ ಚಿಂತೆಗಿಂತ ದೊಡ್ಡದು. ಟೊಮೆಟೊ ಸಾರಿನ ಪಾಸ್ತಾ, ಮಾರ್ಗರಿಟಾ ಪಿಜ್ಜಾ ಎಲ್ಲೆಡೆ ಸಿಗುತ್ತವೆ. ಕಟ್ಟುನಿಟ್ಟಿನ ಶಾಕಾಹಾರಿಗಳು ಒಂದು ಸಂಗತಿ ತಿಳಿದಿರಬೇಕು: ಮೇಲೆ ಉದುರಿಸುವ ಪಾರ್ಮಿಜಾನೊ ಚೀಸನ್ನು ಕರುವಿನ ಜಠರದಿಂದ ತೆಗೆದ ಹೆಪ್ಪಿನಿಂದಲೇ ಮಾಡಬೇಕೆಂಬ ನಿಯಮವಿದೆ. ಲಿಂಗ ಕಟ್ಟಿದ ಮನೆಯವರು "ಸೆಂಜಾ ಫೊರ್ಮಾಜ್ಜೊ", ಅಂದರೆ ಚೀಸ್ ಬೇಡ, ಎಂಬ ಎರಡು ಶಬ್ದ ಬಾಯಿಪಾಠ ಮಾಡಿಕೊಂಡು ಹೋಗಲಿ. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಕಟ್ಟಿಕೊಂಡು ಹೋಗಲು ಅಡ್ಡಿಯಿಲ್ಲ. ಹಾಲಿನ ಪದಾರ್ಥಗಳನ್ನು ಹೊರಗಿನಿಂದ ಐರೋಪ್ಯ ಒಕ್ಕೂಟದೊಳಕ್ಕೆ ಒಯ್ಯುವಂತಿಲ್ಲ. ಧಾರವಾಡ ಪೇಢೆ, ಬೆಳಗಾವಿ ಕುಂದಾ, ಮನೆಯ ತುಪ್ಪ ಎಲ್ಲವೂ ಇಲ್ಲೇ ಉಳಿಯಬೇಕು. ಮಾವಿನ ಹಣ್ಣಿಗೂ ತಡೆಯಿದೆ, ಬಾಳೆಹಣ್ಣಿಗೆ ಇಲ್ಲ. ನೀರು ಕೊಳ್ಳಬೇಡಿ, ರೋಮಿನ ಬೀದಿಗಳಲ್ಲಿ ಎರಡು ಸಾವಿರಕ್ಕೂ ಮೀರಿ ನಲ್ಲಿಗಳು ಹಗಲೂ ರಾತ್ರಿ ಕುಡಿಯುವ ನೀರು ಸುರಿಸುತ್ತವೆ. ಎಂಟು–ಹತ್ತು ದಿನಕ್ಕೊಮ್ಮೆ ನಲ್ಲಿ ಬರುವ ಊರಿನವರಿಗೆ ಅದನ್ನು ನೋಡಿದರೆ ಸಂಕಟವಾದೀತು.

ಖರ್ಚು? ವಿಮಾನದ ಟಿಕೆಟ್ ಮೊದಲೇ ಸಿಕ್ಕು, ಸಾಧಾರಣ ಕೋಣೆಗಳಲ್ಲಿ ಉಳಿದರೆ ಒಬ್ಬರಿಗೆ ಎರಡು ಲಕ್ಷದ ಆಸುಪಾಸು ಎಂದು ಹಿಡಿಯಿರಿ. ಇದರೊಳಗೆ ಪ್ರಯಾಣ ವಿಮೆಯೂ ಸೇರಿದೆ. ಕನಿಷ್ಠ 30,000 ಯೂರೊ ಚಿಕಿತ್ಸೆಗೆ ಹೊಂದುವ ವಿಮೆ ಇಲ್ಲದೆ ವೀಸಾ ಇಲ್ಲ. ಬಿಪಿ, ಸಕ್ಕರೆಯ ಗುಳಿಗೆಗಳನ್ನು ಅಂಗಡಿಯಲ್ಲಿ ಕೊಟ್ಟ ಪೊಟ್ಟಣದಲ್ಲೇ ಬಿಟ್ಟು, ವೈದ್ಯರ ಚೀಟಿಯೊಂದಿಗೆ ಕೈಚೀಲದಲ್ಲಿ ಇಟ್ಟುಕೊಳ್ಳಿ. ಸಾಲ ಮಾಡಿ ಹೋಗಬೇಡಿ. ಬೆಳೆ ಕೈಕೊಟ್ಟ ವರ್ಷ ಹೋಗಲೇಬೇಡಿ. ರೋಮ್ ಎರಡೂವರೆ ಸಾವಿರ ವರ್ಷದಿಂದ ಅಲ್ಲೇ ಇದೆ.

ಬರೆದಿಟ್ಟಂತೆ ನಡೆಯುವುದು

ಮೇಲೆ ಹೇಳಿದ ದರ, ರಜೆ, ವೇಳೆಗಳನ್ನು ರೋಣದಲ್ಲಿ ಕೂತು ಆರು ತಿಂಗಳ ಮೊದಲೇ ತಿಳಿದುಕೊಳ್ಳಬಹುದು. ಅದೆಲ್ಲ ಅಲ್ಲಿ ಬರೆದಿಟ್ಟಿದೆ, ಬರೆದಿಟ್ಟಂತೆ ಬಹುಮಟ್ಟಿಗೆ ನಡೆಯುತ್ತದೆ. ಇಟಲಿಯಲ್ಲಿ ಮುಷ್ಕರಗಳು ನಮಗಿಂತ ಹೆಚ್ಚೇ. ಆದರೆ 1990ರ ಕಾನೂನಿನ ಪ್ರಕಾರ ರೈಲಿನಂಥ ಅಗತ್ಯ ಸೇವೆಯವರು ಮುಷ್ಕರವನ್ನು ಹತ್ತು ದಿನ ಮೊದಲು ಸಾರಬೇಕು. ಕೆಲಸದ ದಿನ ಬೆಳಗ್ಗೆ ಆರರಿಂದ ಒಂಬತ್ತು, ಸಂಜೆ ಆರರಿಂದ ಒಂಬತ್ತು ಪ್ರಾದೇಶಿಕ ರೈಲು ಓಡಿಸಲೇಬೇಕು. ಹೋರಾಟದ ಊರಾದ ನರಗುಂದದವರಿಗೆ ಈ ಏರ್ಪಾಡು ಕುತೂಹಲ ಹುಟ್ಟಿಸಬೇಕು.

ಒಂದು ಕಾಲದಲ್ಲಿ ದಾರಿ ತಿರುಗುಮುರುಗಾಗಿತ್ತು. ವೆನಿಸಿನ ನಿಕೊಲೊ ಕೊಂತಿ 1420ರ ಹೊತ್ತಿಗೆ ವಿಜಯನಗರಕ್ಕೆ ಬಂದ. ರೋಮಿನ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ಇಕ್ಕೇರಿ ನೋಡಿದ. ಇವರ ನಡುವೆ, ತಾಳಿಕೋಟೆ ಯುದ್ಧದ ಎರಡೇ ವರ್ಷದ ಮೇಲೆ, 1567ರಲ್ಲಿ ಬಂದವನು ವೆನಿಸಿನ ವ್ಯಾಪಾರಿ ಚೆಸರೆ ಫೆದೆರಿಚಿ. ಹಾಳಾದ ಪಟ್ಟಣದಲ್ಲಿ ಏಳು ತಿಂಗಳು ಕಳೆದ. ಗೋವೆಗೆ ಮರಳುವ ದಾರಿಯಲ್ಲಿ ಅವನು ಪಟ್ಟ ಪಾಡು ಬರೆದಿಟ್ಟಿದ್ದಾನೆ: ಊರೂರಿಗೊಬ್ಬ ಒಡೆಯ, ಒಬ್ಬೊಬ್ಬನದೂ ಬೇರೆ ನಾಣ್ಯ, ಇವತ್ತು ಪಡೆದ ದುಡ್ಡು ನಾಳೆಯ ಊರಿನಲ್ಲಿ ನಡೆಯದು. ಇವತ್ತು ಅವನ ದೇಶದಲ್ಲಿ ನಡೆಯುವ ಯೂರೊ ಇಪ್ಪತ್ತರಷ್ಟು ದೇಶಗಳಲ್ಲಿ ನಡೆಯುತ್ತದೆ. ಕೆಟ್ಟ ಏರ್ಪಾಡು ಯಾವ ನೆಲಕ್ಕೂ ಶಾಶ್ವತವಾಗಿ ಅಂಟಿಕೊಳ್ಳುವುದಿಲ್ಲ. ಮನಸ್ಸು ಮಾಡಿದರೆ ಬದಲಾಗುತ್ತದೆ.

ಈಗ ಫೆದೆರಿಚಿಯ ನಾಡಿನವರು ಹಂಪಿಗೂ ಬಾದಾಮಿಗೂ ಬಂದು ಹೋಗುತ್ತಾರೆ. ಎರಡರ ನಡುವೆ, ಗಜೇಂದ್ರಗಡಕ್ಕೆ ಹತ್ತಿರ, ಸೂಡಿಯ ಜೋಡು ಕಳಸದ ಗುಡಿ, ಕೆತ್ತನೆಯ ನಾಗಕುಂಡ ಇವೆ. ನರೇಗಲ್ಲಿನಲ್ಲಿ ರಾಷ್ಟ್ರಕೂಟರ ಕಾಲದ ದೊಡ್ಡ ಬಸದಿಯಿದೆ. ಅವರಲ್ಲಿ ಎಷ್ಟು ಜನ ಇತ್ತ ತಿರುಗುತ್ತಾರೆ? ಗುಡಿ ಎಷ್ಟಕ್ಕೆ ತೆರೆಯುತ್ತದೆ, ರೋಣದಿಂದ ಬಸ್ಸು ಎಷ್ಟು ಹೊತ್ತಿಗೆ, ಹೆಂಗಸರಿಗೆ ಶೌಚಾಲಯ ಎಲ್ಲಿ ಎಂಬ ಮೂರು ಸಾಲನ್ನು ಒಂದು ಫಲಕದಲ್ಲಿ ಬರೆದು, ಬರೆದಂತೆ ನಡೆಸಲು ಯಾವ ಕೋಟಿಯ ಯೋಜನೆಯೂ ಬೇಕಿಲ್ಲ.

ಇದೇ ಮಾತು ತಾಲ್ಲೂಕು ಕಚೇರಿಗಳಿಗೂ ಅನ್ವಯಿಸುತ್ತದೆ. ನನ್ನ ಬೇಡಿಕೆ ಮೂರು. ಹಿಡುವಳಿ, ಬೆಳೆ, ಅಂದಾಜು ಆದಾಯವನ್ನು ಕನ್ನಡ–ಇಂಗ್ಲಿಷ್ ಎರಡರಲ್ಲೂ ಒಂದೇ ಹಾಳೆಯಲ್ಲಿ ಬರೆದು ತಹಶೀಲ್ದಾರರು ಸಹಿ ಹಾಕಿ ಕೊಡುವ ಪತ್ರವೊಂದು ಬರಲಿ. ಅದರಲ್ಲಿ ನಿಜವಾದ ಅಂಕಿ ಇರಲಿ. ಸತ್ತವರ ಹೆಸರಿನ ಉತಾರಗಳ ವಾರಸಾ ಕೆಲಸವನ್ನು ಹೋಬಳಿವಾರು ಶಿಬಿರ ಹಾಕಿ ಮುಗಿಸಲಿ. ಉತ್ತರ ಕರ್ನಾಟಕದವರ ವೀಸಾ ಬೆರಳಚ್ಚಿಗೆ ವರ್ಷಕ್ಕೆ ಕೆಲವು ದಿನವಾದರೂ ಹುಬ್ಬಳ್ಳಿಯಲ್ಲಿ ವ್ಯವಸ್ಥೆಯಾಗುವಂತೆ ನಮ್ಮ ಸಂಸದರು ಕೇಳಲಿ. ಉದ್ಯೋಗಕ್ಕೆ, ಓದಿಗೆ ಹೋಗುವ ಹುಡುಗರಿಗೂ ಅದು ಉಪಯೋಗ.

"ಇಟಲಿಗೆ ಹೋಗುವ ನಾಲ್ಕು ಮಂದಿಗಾಗಿ ಇಷ್ಟೆಲ್ಲ ಯಾಕ್ರೀ?" ಎಂದು ಕೇಳುವವರಿಗೆ ಉತ್ತರ ಇಷ್ಟೇ. ಉತಾರ, ಆಧಾರ್, ಬ್ಯಾಂಕ್ ಪುಸ್ತಕ ಮೂರರಲ್ಲೂ ಹೆಸರು ಒಂದೇ ಇರಬೇಕೆಂದು ವೀಸಾ ಅಧಿಕಾರಿ ಕೇಳುತ್ತಾನೆ. ಬೆಳೆ ವಿಮೆ ಕೊಡುವವನೂ, ಬರ ಪರಿಹಾರ ಹಾಕುವವನೂ, ಬೆಳೆ ಸಾಲ ಮಂಜೂರು ಮಾಡುವವನೂ ಅದನ್ನೇ ಕೇಳುತ್ತಾರೆ. ಇಟಲಿಗೆ ಹೋಗಲೆಂದು ಸರಿಪಡಿಸಿಕೊಂಡ ಫೈಲು, ಹೋಗದೆ ಉಳಿದರೂ, ಮುಂದಿನ ಮುಂಗಾರು ಕೈಕೊಟ್ಟ ದಿನ ಕೆಲಸಕ್ಕೆ ಬರುತ್ತದೆ.